ಇಪ್ಪತ್ತೈದು ಗಂಟೆಯ ಆಟ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ಮಕ್ಕಳಿಗಾಗಿ ಹಣ ಎತ್ತಲು ಇಡೀ ದಿನ ವಿಡಿಯೋ ಗೇಮ್ ಆಡಿ, ಅದನ್ನು ಇಂಟರ್ನೆಟ್‌ನಲ್ಲಿ ಲೈವ್ ತೋರಿಸುವ ಮ್ಯಾರಥಾನ್ ನಡೆಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಡೆಸರ್ಟ್ ಬಸ್ ಅಂತ ಒಂದು ವಿಡಿಯೋ ಗೇಮ್. ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರ ಜೋಡಿಗಾಗಿ 1995ರ ಸುಮಾರಿಗೆ ತಯಾರಾಗಿ, ಅಂಗಡಿಗೇ ಬರದೆ ಉಳಿದ ಸೆಗಾ ಸಿಡಿಯೊಂದರಲ್ಲಿ ಇತ್ತು. ಟೂಸಾನ್‌ನಿಂದ ಲಾಸ್ ವೇಗಸ್‌ಗೆ ಖಾಲಿ ಬಸ್ ಓಡಿಸಬೇಕು, ಅಷ್ಟೇ. ಗಂಟೆಗೆ 45 ಮೈಲಿಗಿಂತ ಜಾಸ್ತಿ ಓಡದು, ಹಾಗಾಗಿ ತಲುಪಲು ಗಡಿಯಾರ ನೋಡಿ 8 ಗಂಟೆ. ನಡುವೆ ನಿಲ್ಲಿಸುವಂತಿಲ್ಲ. ಬಸ್ಸು ತುಸುವೇ ಬಲಕ್ಕೆ ಎಳೆಯುತ್ತಿರುತ್ತದೆ. ಬಟನ್ ಮೇಲೆ ಏನಾದರೂ ಭಾರ ಇಟ್ಟು ಎದ್ದು ಹೋಗೋಣ ಅಂದರೂ ಆಗದು. ರಸ್ತೆ ಬಿಟ್ಟಿತೋ, ಟೋ ಗಾಡಿ ಬಂದು ಹೊರಟ ಊರಿಗೇ ಎಳೆದೊಯ್ಯುತ್ತದೆ, ಅದೂ ಅಷ್ಟೇ ಗಂಟೆ ತಗೊಂಡು. ತಲುಪಿದರೆ ಸಿಗುವುದು 1 ಅಂಕ.

ಇಂಥ ಆಟವನ್ನು ಆಡಿಯೇ ಕೆನಡಾದ ವಿಕ್ಟೋರಿಯಾ ಊರಿನ ಲೋಡಿಂಗ್ ರೆಡಿ ರನ್ ತಂಡ 2007ರಲ್ಲಿ 22 ಸಾವಿರ ಡಾಲರ್‌ಗೂ ಹೆಚ್ಚು ಎತ್ತಿತು. ಹಣ ಹೋದದ್ದು ಚೈಲ್ಡ್ಸ್ ಪ್ಲೇ ಸಂಸ್ಥೆಗೆ. ಪೆನ್ನಿ ಆರ್ಕೇಡ್ ಎಂಬ ವೆಬ್ ಕಾಮಿಕ್‌ನವರು 2003ರಲ್ಲಿ ಶುರು ಮಾಡಿದ ಈ ಸಂಸ್ಥೆ, ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ, ಗೇಮ್ ಒದಗಿಸುತ್ತದೆ. ನೋಡುವವರು ದೇಣಿಗೆ ಕೊಟ್ಟಷ್ಟು ಗಂಟೆ ತಂಡ ಬಸ್ ಓಡಿಸಬೇಕು. ದರಪಟ್ಟಿ ಹೀಗೆ: ಮೊದಲ ಗಂಟೆಗೆ 1 ಡಾಲರ್, ಆಮೇಲಿನ ಪ್ರತಿ ಗಂಟೆಗೂ ಹಿಂದಿನ ಗಂಟೆಗಿಂತ ಶೇ. 7 ಹೆಚ್ಚು. ಲೆಕ್ಕ ಹಾಕಿ. 24 ಗಂಟೆ ಆಡಿಸಲು ಒಟ್ಟು 58 ಡಾಲರ್ ಸಾಕು. 100 ಗಂಟೆಗೆ 12,381. 150 ಗಂಟೆಗೆ 3 ಲಕ್ಷ 65 ಸಾವಿರ. ನಮ್ಮೂರಿನ ಬಡ್ಡಿ ಸಾಹುಕಾರರಿಗೆ ಇದನ್ನು ವಿವರಿಸಬೇಕಿಲ್ಲ.

ನಾವು ಗಮನಿಸಬೇಕಾದ್ದು ಇಷ್ಟು: ನೋಡುವವರು ಕಾಸು ಕೊಡುವುದು ಕೈಚಳಕಕ್ಕಲ್ಲ, ಯಾರೋ ನಿದ್ದೆಗೆಟ್ಟು ಕೂತಿರುವುದಕ್ಕೆ. ಹಾಗಾದರೆ ನೀವು ಮೊದಲು ಯೋಜಿಸಬೇಕಾದದ್ದು ಗೇಮ್‌ಗಳ ಪಟ್ಟಿಯನ್ನಲ್ಲ, ಗಂಟೆಗಳನ್ನು.

ಅಮೆರಿಕದಲ್ಲಿರುವ ನಿಮ್ಮಂಥ ಕನ್ನಡ ಕೂಟದ ಹುಡುಗರಿಗೆ ಸುಲಭದ ದಾರಿ ಎಕ್ಸ್‌ಟ್ರಾ ಲೈಫ್, ಗೇಮ್ ಆಡಿ ಮಕ್ಕಳ ಆಸ್ಪತ್ರೆಗಳಿಗೆ ಹಣ ಎತ್ತುವ ಅಭಿಯಾನ. ಲುಕೇಮಿಯಾದಿಂದ ತೀರಿಕೊಂಡ ಹುಡುಗಿಯೊಬ್ಬಳ ನೆನಪಿಗೆ 2008ರಲ್ಲಿ ಹುಟ್ಟಿದ್ದು. ಈಗ ಚಿಲ್ಡ್ರನ್ಸ್ ಮಿರಕಲ್ ನೆಟ್‌ವರ್ಕ್ ಹಾಸ್ಪಿಟಲ್ಸ್‌ನ ಕಾರ್ಯಕ್ರಮ. ನೋಂದಣಿ ಮಾಡುವಾಗಲೇ ನಿಮ್ಮ ಹತ್ತಿರದ ಆಸ್ಪತ್ರೆಯನ್ನು ಆರಿಸಿಕೊಳ್ಳಬಹುದು. ದಾನಿ ನಿಮ್ಮ ಪುಟದಲ್ಲಿ ಕೊಟ್ಟ ಹಣ ನಿಮ್ಮ ಕೈಗೆ ಬಾರದೆ ನೇರ ಅಲ್ಲಿಗೇ ಹೋಗುತ್ತದೆ. ಇದು ದೊಡ್ಡ ನೆಮ್ಮದಿ. ಸ್ವಂತ ಖಾತೆಗೆ ಹಣ ಹಾಕಿಸಿಕೊಂಡು ಆಮೇಲೆ ಕಳಿಸುತ್ತೇವೆ ಅನ್ನುವ ತಂಡಗಳು ಎರಡು ಕಡೆ ಸಿಕ್ಕಿಬೀಳುತ್ತವೆ: ದಾನಿಗೆ ತೆರಿಗೆ ರಸೀದಿ ಸಿಗದು, ಯಾರಾದರೂ ಕಾರ್ಡ್ ಪಾವತಿಯನ್ನು ವಾರಗಳ ನಂತರ ಹಿಂತೆಗೆದುಕೊಂಡರೆ ಆ ಹೊಡೆತ ನಿಮ್ಮ ಖಾತೆಗೆ. ಕರ್ನಾಟಕದ ಆಸ್ಪತ್ರೆಗೇ ಕಳಿಸಬೇಕು ಅನ್ನುವ ಆಸೆ ಇದ್ದರೆ ಆ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು; ವಿದೇಶಿ ದೇಣಿಗೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿನ ಖಾತೆಗೆ ಮಾತ್ರ ಬರಬಹುದು. ಮೊದಲ ವರ್ಷಕ್ಕೆ ಆ ಉಸಾಬರಿ ಬೇಡ.

ಎಕ್ಸ್‌ಟ್ರಾ ಲೈಫ್‌ನ ಆಟದ ದಿನ ಸಾಮಾನ್ಯವಾಗಿ ನವೆಂಬರ್ ಮೊದಲ ಶನಿವಾರ. ರಾಜ್ಯೋತ್ಸವದ ತಿಂಗಳು, ಕೂಟದ ಸಭಾಂಗಣ, ಮೈಕು, ಸ್ವಯಂಸೇವಕರು ಎಲ್ಲ ಆಗಲೇ ಬುಕ್. ಆಗಸ್ಟ್‌ನಲ್ಲೇ ಕೇಳಿಟ್ಟುಕೊಳ್ಳಿ. ಇನ್ನೊಂದು ವಿಚಿತ್ರ: ಆ ಸಲದ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರವನ್ನು ಮತ್ತೆ 1ಕ್ಕೆ ಸರಿಸುವುದಿದ್ದರೆ, ಶನಿವಾರ ಬೆಳಗ್ಗೆ 8ಕ್ಕೆ ಕೂತು ಭಾನುವಾರ 8ಕ್ಕೆ ಏಳುವ ತಂಡ ಆಡಿದ್ದು 25 ಗಂಟೆ. ಪಾಳಿಯ ಪಟ್ಟಿಯಲ್ಲಿ '1ರಿಂದ 2' ಎಂದು ಬರೆದಿದ್ದರೆ ಆ ಗಂಟೆ ಎರಡು ಸಲ ಬರುತ್ತದೆ; ಒಬ್ಬ ಎದ್ದು ಹೋಗಿರುತ್ತಾನೆ, ಮುಂದಿನವನು ಇನ್ನೂ ಮಲಗಿರುತ್ತಾನೆ. ಆದ್ದರಿಂದ ಗಡಿಯಾರದ ಸಮಯ ಬರೆಯಬೇಡಿ, 1ನೇ ಗಂಟೆ, 2ನೇ ಗಂಟೆ ಎಂದು 25ರವರೆಗೆ ಬರೆಯಿರಿ.

ಈಗ ಕರೆಂಟು. ಮ್ಯಾರಥಾನ್ ಎಡವಬಹುದಾದ ಜಾಗ ಇದು. ಅಮೆರಿಕದ ಮನೆಯ ಸಾಮಾನ್ಯ ಸರ್ಕ್ಯೂಟ್ 15 ಆಂಪಿಯರ್, 120 ವೋಲ್ಟ್. ಅಂದರೆ 1,800 ವಾಟ್. ಗಂಟೆಗಟ್ಟಲೆ ಎಳೆಯುವಾಗ ಅದರ ಶೇ. 80, ಅಂದರೆ 1,440 ವಾಟ್ ದಾಟಬಾರದು. ಆಟ ಓಡುತ್ತಿರುವ ಗೇಮಿಂಗ್ ಪಿಸಿ 400–500 ವಾಟ್, ಪ್ಲೇಸ್ಟೇಷನ್ 5 ಸುಮಾರು 200, ದೊಡ್ಡ ಟಿವಿ 100–150. ಎರಡು ಪಿಸಿ, ಎರಡು ಮಾನಿಟರ್ ಇಟ್ಟರೆ ಸಾವಿರದ ಹತ್ತಿರ ಆಗಲೇ ಆಯಿತು. ರಾತ್ರಿ 11ಕ್ಕೆ ಯಾರೋ ಅದೇ ಸರ್ಕ್ಯೂಟ್‌ನ ಮೈಕ್ರೋವೇವ್‌ನಲ್ಲಿ ಬಿಸಿಬೇಳೆಬಾತ್ ಇಡುತ್ತಾರೆ. ಅದೊಂದೇ 1,500 ವಾಟ್ ಎಳೆಯುತ್ತದೆ. ಟಪ್. ಪಿಸಿ, ಮೋಡೆಮ್, ರೌಟರ್ ಎಲ್ಲ ಒಟ್ಟಿಗೆ ಕತ್ತಲು. ಮೋಡೆಮ್ ಎದ್ದು ಕೂರಲು ಕೆಲವು ನಿಮಿಷ. ಅಷ್ಟರಲ್ಲಿ ನೋಡುತ್ತಿದ್ದವರು ಬೇರೆ ಕಡೆ ಹೋಗಿರುತ್ತಾರೆ.

ಮದ್ದು ಸರಳ. ಹಿಂದಿನ ದಿನ ಒಬ್ಬ ಬ್ರೇಕರ್ ಒಂದೊಂದೇ ಇಳಿಸಲಿ, ಇನ್ನೊಬ್ಬ ಟೇಬಲ್ ಲ್ಯಾಂಪ್ ಹಿಡಿದು ಯಾವ ಪ್ಲಗ್ ಸತ್ತಿತು ಅಂತ ನೋಡಲಿ. ಪ್ಲಗ್ ಮೇಲೆ ಟೇಪ್ ಅಂಟಿಸಿ ಬ್ರೇಕರಿನ ಸಂಖ್ಯೆ ಬರೆಯಿರಿ. ಮೋಡೆಮ್ ಮತ್ತು ರೌಟರ್‌ಗೆ ಚಿಕ್ಕ ಯುಪಿಎಸ್ ಕೊಡಿ. ರೆಕಾರ್ಡಿಂಗನ್ನು ಓಬಿಎಸ್‌ನಲ್ಲಿ (ಲೈವ್ ಕಳಿಸುವ, ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ಎಂಕೆವಿ ಫೈಲ್ ಆಗಿ ಉಳಿಸಿ. ಮಾಮೂಲಿ ಎಂಪಿ4 ನಡುವೆ ಕರೆಂಟು ಹೋದರೆ ಇಡೀ ಫೈಲೇ ತೆರೆಯದಿರಬಹುದು.

ಇಂಟರ್ನೆಟ್ ಲೆಕ್ಕ: ಸೆಕೆಂಡಿಗೆ 6,000 ಕಿಲೋಬಿಟ್‌ನಲ್ಲಿ ಕಳಿಸಿದರೆ ಗಂಟೆಗೆ 2.7 ಜಿಬಿ, 25 ಗಂಟೆಗೆ 67.5 ಜಿಬಿ. ಅಪ್‌ಲೋಡ್ ವೇಗ ಇದರ ಎರಡರಷ್ಟಾದರೂ ಇರಲಿ, ವೈಫೈ ಬಿಟ್ಟು ಕೇಬಲ್ ಎಳೆಯಿರಿ. ಫೋನ್ ಹಾಟ್‌ಸ್ಪಾಟ್‌ಗೆ ಜಾರಬೇಕಾದರೆ ಅಂತ 3,000ದ ಇನ್ನೊಂದು ಪ್ರೊಫೈಲ್ ಸಿದ್ಧವಿಟ್ಟುಕೊಳ್ಳಿ. 2010ರಲ್ಲಿ, ಗೇಮ್‌ಗಳನ್ನು ಬೇಗ ಬೇಗ ಮುಗಿಸಿ ದಾನಕ್ಕೆ ಹಣ ಎತ್ತುವ ಗೇಮ್ಸ್ ಡನ್ ಕ್ವಿಕ್‌ನವರ ಮೊದಲ ಮ್ಯಾರಥಾನ್ ಹೋಟೆಲಿನ ಇಂಟರ್ನೆಟ್ ಕೈಕೊಟ್ಟದ್ದರಿಂದ ಮನೆಯೊಂದರ ನೆಲಮಾಳಿಗೆಗೆ ಓಡಿಹೋಯಿತು. ಹೋಟೆಲ್, ದೇವಸ್ಥಾನದ ಸಭಾಂಗಣ, ಸಮುದಾಯ ಭವನ, ಯಾವುದನ್ನೂ ಅಳೆಯದೆ ನಂಬಬೇಡಿ. ಯೂಟ್ಯೂಬ್‌ನಲ್ಲಿ ಹೊಸ ಚಾನೆಲ್ಲಿಗೆ ಲೈವ್ ತೆರೆದುಕೊಳ್ಳಲು 24 ಗಂಟೆವರೆಗೆ ಕಾಯಿಸುತ್ತಾರೆ. 12 ಗಂಟೆ ಮೀರಿದ ಲೈವ್ ತಾನಾಗಿ ಉಳಿಯುವುದಿಲ್ಲ, ಹಾಗಾಗಿ ಮೂರು ತುಂಡು ಮಾಡಿ. ಹಿನ್ನೆಲೆಗೆ ಚಿತ್ರಗೀತೆ ಹಾಕಿದರೆ ಯೂಟ್ಯೂಬ್‌ನ ಹಕ್ಕುಸ್ವಾಮ್ಯ ಪತ್ತೆಯ ಯಂತ್ರ ಹಿಡಿಯಬಹುದು.

ಇನ್ನು ಸತ್ತ ಹೊತ್ತು. ಪೂರ್ವ ಕರಾವಳಿಯಲ್ಲಿ ರಾತ್ರಿ 2ರಿಂದ 6, ನೋಡುವವರೇ ಇರುವುದಿಲ್ಲ. ಆದರೆ ಗಡಿಯಾರ ಬದಲಾದ ಮೇಲೆ ಅದು ಊರಿನಲ್ಲಿ ಭಾನುವಾರ ಮಧ್ಯಾಹ್ನ 12:30ರಿಂದ 4:30. ಮೈಸೂರಿನ ಅಜ್ಜಿ ಊಟ ಮುಗಿಸಿ ಫೋನ್ ಹಿಡಿದು ಕೂರುವ ಹೊತ್ತು! ಆ ಪಾಳಿಗೆ ಕನ್ನಡ ಚೆನ್ನಾಗಿ ಮಾತಾಡುವವರನ್ನು ಕೂರಿಸಿ, ಎಲ್ಲರಿಗೂ ಅರ್ಥವಾಗುವ ಕಾರ್ ರೇಸು, ಕ್ರಿಕೆಟ್ ಇಡಿ. ಊರಿನಿಂದ ನೋಡುವವರಿಂದ ದುಡ್ಡು ನಿರೀಕ್ಷಿಸಬೇಡಿ. ಅಲ್ಲಿನ ಎಷ್ಟೋ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ಬಂದ್ ಇರುತ್ತದೆ. ಮಾತಾಡಿಸುವವರು ಇದ್ದರೆ ಆಡುವವನು ಎಚ್ಚರ ಇರುತ್ತಾನೆ, ಅಷ್ಟು ಸಾಕು. ಒಬ್ಬನೇ 25 ಗಂಟೆ ಆಡುವುದು ಶೌರ್ಯವಲ್ಲ, ಹುಂಬತನ. 4 ಜನ, 3 ಗಂಟೆಯ ಪಾಳಿ, ಗಂಟೆಗೊಮ್ಮೆ ಎದ್ದು ಓಡಾಟ. ಮೊಸರನ್ನ ಬೆಳಗಿನ ತನಕ ಫ್ರಿಡ್ಜಿನಲ್ಲೇ ಇರಲಿ. ಬೋಂಡಾ ತಿಂದ ಕೈ ಕಂಟ್ರೋಲರ್ ಮುಟ್ಟಕೂಡದು. ರಾತ್ರಿ ನಿದ್ದೆ ಬಿಟ್ಟವರು ಕಾರು ಓಡಿಸಿಕೊಂಡು ಮನೆಗೆ ಹೋಗುವಂತಿಲ್ಲ. ಕರೆದೊಯ್ಯುವವರ ಹೆಸರು ಪಾಳಿಪಟ್ಟಿಯಲ್ಲೇ ಇರಲಿ.

ಆಸ್ಪತ್ರೆಯಲ್ಲಿರುವ ಯಾವ ಮಗುವಿನ ಫೋಟೋ, ಹೆಸರು, ಕಾಯಿಲೆ ಪರದೆಯ ಮೇಲೆ ಬರಬಾರದು, ಪೋಷಕರು ನಿಮ್ಮ ಸ್ನೇಹಿತರೇ ಆಗಿದ್ದರೂ. ಹಳೇ ಕನ್ಸೋಲ್, ಗೊಂಬೆ ಹೊತ್ತುಕೊಂಡು ಆಸ್ಪತ್ರೆ ಬಾಗಿಲಿಗೆ ಹೋಗಬೇಡಿ. ಸೋಂಕಿನ ಭಯಕ್ಕೆ ಬಳಸಿದ ಬಟ್ಟೆಗೊಂಬೆಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಕೊನೆಯದಾಗಿ ಮ್ಯಾಚಿಂಗ್. ಇಲ್ಲಿನ ಅನೇಕ ಸಾಫ್ಟ್‌ವೇರ್ ಕಂಪನಿಗಳು ಉದ್ಯೋಗಿ ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸುತ್ತವೆ, ನಮ್ಮವರು ತುಂಬಿರುವುದೂ ಅಲ್ಲೇ. ಆದರೆ ಅದು ತಾನಾಗಿ ಬರುವುದಿಲ್ಲ. ದಾನಿಯೇ ರಸೀದಿ ಹಾಕಿ ಕಂಪನಿಯ ಪೋರ್ಟಲ್‌ನಲ್ಲಿ ಅರ್ಜಿ ಕೊಡಬೇಕು, ಎಷ್ಟೋ ಕಡೆ ವರ್ಷಾಂತ್ಯದ ಗಡುವು ಇರುತ್ತದೆ. ಸೋಮವಾರದ ಧನ್ಯವಾದ ಪತ್ರದಲ್ಲಿ ಸಂಸ್ಥೆಯ ತೆರಿಗೆ ಸಂಖ್ಯೆ ಬರೆದುಬಿಡಿ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ ಒಬ್ಬರು ಕೂತು, ಅರ್ಜಿ ಹಾಕದವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಲಿ.