ಕೆಂಪು ಎಲ್ಲಿದೆ ನೋಡಿ: ಮೈದನಹಳ್ಳಿಯ ಕೀಚುಗಗಳು

ಬೆಳಿಗ್ಗೆ ಏಳು ಗಂಟೆ. ಮಧುಗಿರಿ ತಾಲೂಕಿನ ಮೈದನಹಳ್ಳಿ. ಎಲ್ರೂ ಇಲ್ಲಿಗೆ ಕೃಷ್ಣಮೃಗ ನೋಡೋಕೆ ಬರ್ತಾರೆ. ನಾನು ಈ ಜಾಲಿ ಗಿಡದ ಎದುರು ಕೂತು ಅರ್ಧ ಗಂಟೆ ಆಯ್ತು.

ತುದಿ ಕೊಂಬೆ ನೋಡಿ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಕೊಂಡಿರೋ ಹಾಗಿದೆಯಲ್ಲ, ಅದೇ ಕೀಚುಗ, ಇಂಗ್ಲಿಷಿನ ಶ್ರೈಕ್. ಆದ್ರೆ ಯಾವ ಕೀಚುಗ? ಬೇ-ಬ್ಯಾಕ್ಡಾ, ಲಾಂಗ್-ಟೇಲ್ಡಾ? ಎದೆ ನಮ್ಮ ಕಡೆ ಮಾಡಿ ಕೂತಿದೆ, ಬೆನ್ನು ಕಾಣ್ತಿಲ್ಲ. ಮುಂದಿನಿಂದ ಎರಡೂ ಒಂದೇ ಥರ: ಬಿಳಿ ಗಂಟಲು, ಪಕ್ಕೆಯಲ್ಲಿ ತೆಳು ಕೆಂಪು.

ಬೇ-ಬ್ಯಾಕ್ಡ್ ಸುಮಾರು 18 ಸೆಂ.ಮೀ., ಲಾಂಗ್-ಟೇಲ್ಡ್ 25. ಪುಸ್ತಕದಲ್ಲಿ ಓದೋವಾಗ ಸುಲಭ. ಬಯಲಲ್ಲಿ ಒಂಟಿಯಾಗಿ ಕೂತ ಹಕ್ಕಿಯನ್ನ ಯಾವುದರ ಪಕ್ಕ ಇಟ್ಟು ಅಳೀತೀರಿ?

ನನ್ನ ಹಳೇ ವಿಡಿಯೋ ಒಂದರಲ್ಲಿ ಬೆನ್ನು ಕೆಂಪಗಿದೆ ಅಂತ ಬೇ-ಬ್ಯಾಕ್ಡ್‌ನ ಲಾಂಗ್-ಟೇಲ್ಡ್ ಅಂದುಬಿಟ್ಟಿದ್ದೆ. ನಾನು ನೋಡಿದ್ದ ಚಿತ್ರ ಉತ್ತರದ ಲಾಂಗ್-ಟೇಲ್ಡ್ ಹಕ್ಕಿಯದು. ಅದರ ನಮ್ಮ ಕಡೆಯ ಉಪಜಾತಿ ಕ್ಯಾನಿಸೆಪ್ಸ್‌ಗೆ ಬೆನ್ನು ಬೂದಿ ಬಣ್ಣ. ಕೆಂಪು ಇರೋದು ಬಾಲದ ಬುಡದಲ್ಲಿ, ಪಕ್ಕೆಯಲ್ಲಿ. ಬೇ-ಬ್ಯಾಕ್ಡ್‌ಗೆ ಅದು ತಿರುಗುಮುರುಗು: ಬೆನ್ನು ಹೊಸ ಹುಣಸೆಹಣ್ಣಿನ ಬಣ್ಣ, ಬಾಲದ ಬುಡ ಬೆಳ್ಳಗೆ. ಹಾಗಾಗಿ ಕೆಂಪು ಇದೆಯಾ ಅಂತ ಕೇಳಬೇಡಿ, ಎಲ್ಲಿದೆ ಅಂತ ಕೇಳಿ. ಇಲ್ಲಿ ಬೂದು ಕೀಚುಗನೂ ಇದೆ. ಅದರ ಮೈಮೇಲೆ ಕೆಂಪೇ ಇಲ್ಲ, ಗೊಂದಲನೂ ಇಲ್ಲ.

ದಾರಿಯಲ್ಲಿ ಕುರಿ ಹೊಡ್ಕೊಂಡು ಹೋಗ್ತಿದ್ದ ಅಜ್ಜ ನಿಂತು, "ಅಲ್ ನೋಡವ್ವ, ಮಿಡತೆ ಚುಚ್ಚಿಟ್ಟೈತೆ" ಅಂದ್ರು. ಹತ್ರ ತೋರಿಸ್ತೀನಿ. ಜಾಲಿ ಮುಳ್ಳು ಮಿಡತೆ ಎದೆಯಿಂದ ತೂರಿ ಆಚೆ ಬಂದಿದೆ. ತಲೆ ಇಲ್ಲ, ಒಂದು ಹಿಂಗಾಲು ಗಾಳಿಗೆ ಅಲ್ಲಾಡ್ತಿದೆ. ಹದ್ದಿನ ಹಾಗೆ ಬೇಟೆಯನ್ನ ಅದುಮಿ ಹಿಡಿಯೋ ಕಾಲು ಕೀಚುಗಕ್ಕಿಲ್ಲ. ಕೊಕ್ಕು ಮಾತ್ರ ಕೊಕ್ಕೆ. ಅದಕ್ಕೇ ಮುಳ್ಳಿಗೆ ಸಿಗಿಸಿ ಹರಿದು ತಿನ್ನುತ್ತೆ, ಉಳಿದಿದ್ದನ್ನ ಅಲ್ಲೇ ಬಿಟ್ಟು ಆಮೇಲೆ ಬರುತ್ತೆ. ಕಟುಕ ಹಕ್ಕಿ ಅನ್ನೋ ಹೆಸರು ಬಂದಿದ್ದು ಇದರಿಂದಲೇ. ಈ ಗಿಡ ಕಡಿದ್ರೆ ಅದರ ಅಡುಗೆಮನೆನೇ ಹೋಯ್ತು. ಇಂಥ ನೆಲವನ್ನ ಬಂಜರು ಅಂತ ಕರೆಯೋದು ಕೇಳಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಟಿಟ್ಟಿಭದ ಕೂಗು ಕೇಳಿದ್ರಾ? ಅದು ನಿಜವಾದ ಟಿಟ್ಟಿಭನೇ, ಕೆರೆ ಕಡೆಯಿಂದ. ಲಾಂಗ್-ಟೇಲ್ಡ್ ಆ ಕೂಗನ್ನೂ ಅಣಕಿಸುತ್ತೆ, ಅಳಿಲನ್ನೂ ಬಿಡಲ್ಲ. ಅದಕ್ಕೆ ಕಿವಿಯನ್ನ ಪೂರ್ತಿ ನಂಬಿ ಕೂರೋ ಹಾಗಿಲ್ಲ.

ಇರಿ, ತಿರುಗ್ತು... ಹಾರ್ತು! ರೆಕ್ಕೆಯಲ್ಲಿ ಎರಡು ಬಿಳಿ ಮಚ್ಚೆ, ಬಾಲದ ಬುಡ ಬಿಳಿ, ಬೆನ್ನು ಹುಣಸೆಹಣ್ಣು.

ಬೇ-ಬ್ಯಾಕ್ಡ್.