ಹಿರಿಯರ ಟೆನಿಸ್: ಪಂದ್ಯವಾಡಿಯೇ ಮರಳಿ ಪಡೆಯಬೇಕಾದ ಆತ್ಮವಿಶ್ವಾಸ

ಆತ್ಮೀಯ ಸಭಿಕರೆ,

ಇಲ್ಲಿ ಕುಳಿತಿರುವ ಬಹುತೇಕರು ಟೂರ್ನಿಗಳಲ್ಲಿ ಆಡುವವರು. ಕೆಲವರು ಮೊಣಕಾಲಿಗೋ ಭುಜಕ್ಕೋ ಚಿಕಿತ್ಸೆ ಪಡೆದು ತಿಂಗಳುಗಟ್ಟಲೆ ಹೊರಗುಳಿದವರು. ಹೀಗೆ ಹೊರಗುಳಿದವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತೆಂದರೆ, ‘ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಟೂರ್ನಿಗೆ ಹೆಸರು ಕೊಡುತ್ತೇನೆ’ ಎಂಬುದು. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ದೃಢವಾದ ನಂಬಿಕೆ. ಮೊದಲು ಹೆಸರು ಕೊಡಬೇಕು. ಪಂದ್ಯದಲ್ಲಿ ಕಳೆದುಹೋದ ಧೈರ್ಯ ಪಂದ್ಯದಲ್ಲಿಯೇ ಸಿಗುತ್ತದೆಯೇ ಹೊರತು ಅಭ್ಯಾಸದ ಅಂಕಣದಲ್ಲಿ ಸಿಗುವುದಿಲ್ಲ.

ಬುಟ್ಟಿ ತುಂಬ ಚೆಂಡಿಟ್ಟುಕೊಂಡು ಎರಡನೇ ಸರ್ವ್ ಅಭ್ಯಾಸ ಮಾಡುವವರನ್ನು ಗಮನಿಸಿ. ಒಂದು ಚೆಂಡು ನೆಟ್‌ಗೆ ಬಿದ್ದರೆ ಮರುಕ್ಷಣ ಇನ್ನೊಂದು ಕೈಗೆ ಬರುತ್ತದೆ. ತಪ್ಪಿಗೆ ಬೆಲೆ ತೆರಬೇಕಾಗಿಲ್ಲ. ಅದೇ ಆಟಗಾರರು ಸೆಟ್ 4–4ರಲ್ಲಿರುವಾಗ, ಇನ್ನೊಂದು ಪಾಯಿಂಟ್ ಹೋದರೆ ಗೇಮೇ ಹೋಗುವ 30–40ರಲ್ಲಿ, ಮೊದಲ ಸರ್ವ್ ತಪ್ಪಿ ನಿಂತಾಗ ಟಾಸ್ ಹಾಕುವ, ಅಂದರೆ ಸರ್ವ್‌ಗಾಗಿ ಚೆಂಡನ್ನು ಮೇಲಕ್ಕೆಸೆಯುವ ಕೈಯನ್ನು ನೋಡಿ. ಚೆಂಡನ್ನು ಬಿಡಬೇಕಾದ ಬೆರಳುಗಳು ಅರೆಕ್ಷಣ ಹೆಚ್ಚು ಹಿಡಿದುಕೊಳ್ಳುತ್ತವೆ, ಟಾಸ್ ತಲೆಯ ಹಿಂದಕ್ಕೆ ಹೋಗುತ್ತದೆ, ತೋಳು ಪೂರ್ತಿ ಚಾಚುವ ಮೊದಲೇ ರ‍್ಯಾಕೆಟ್ ಚೆಂಡಿಗೆ ತಾಗಿ, ಚೆಂಡು ನೆಟ್‌ನ ನಡುಭಾಗಕ್ಕೆ ಬಡಿಯುತ್ತದೆ. ಸರ್ವ್ ಮರೆತುಹೋಗಿಲ್ಲ, ಬೆಳಿಗ್ಗೆಯಷ್ಟೇ ಅದು ಚೆನ್ನಾಗಿತ್ತು. ಆ ಬೆರಳುಗಳು ಸಡಿಲವಾಗುವುದನ್ನು ಕಲಿಯಬೇಕಾದದ್ದು 30–40ರಲ್ಲಿ, ಎದುರಾಳಿ ಕಾಯುತ್ತಿರುವಾಗ, ಎರಡು ಪಾಯಿಂಟ್‌ಗಳ ನಡುವೆ ಸಿಗುವ 25 ಸೆಕೆಂಡುಗಳೊಳಗೆ.

ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದನ್ನೇ ಸೈದ್ಧಾಂತಿಕವಾಗಿ ನಿರೂಪಿಸಿದರು. ತನ್ನಿಂದ ಇದು ಸಾಧ್ಯ ಎಂಬ ನಂಬಿಕೆಗೆ ಅತ್ಯಂತ ಬಲವಾದ ಮೂಲ ಸ್ವತಃ ಮಾಡಿ ನೋಡಿದ ಅನುಭವ; ಪಕ್ಕದವರ ಪ್ರೋತ್ಸಾಹದ ಮಾತು ಅದರ ಮುಂದೆ ದುರ್ಬಲ. ಕೋಚ್ ಎಷ್ಟೇ ಬೆನ್ನು ತಟ್ಟಿದರೂ 30–40ರಂಥ ಒಂದು ಬ್ರೇಕ್ ಪಾಯಿಂಟ್ ಉಳಿಸಿಕೊಂಡದ್ದಕ್ಕೆ ಅದು ಸಮವಾಗದು.

ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ರೋಜರ್ ಫೆಡರರ್ 2016ರ ವಿಂಬಲ್ಡನ್ ನಂತರ ಮೊಣಕಾಲಿನ ಚೇತರಿಕೆಗಾಗಿ ಆರು ತಿಂಗಳು ಆಡಲಿಲ್ಲ. ಆಗ ಅವರಿಗೆ 35 ವರ್ಷ. 2017ರ ಜನವರಿಯಲ್ಲಿ ಅವರು ಮರಳಿದ್ದು ಪರ್ತ್‌ನ ಹಾಪ್ಮನ್ ಕಪ್‌ಗೆ. ಅದು ತಂಡಗಳ ಟೂರ್ನಿ, ಗುಂಪು ಹಂತದಲ್ಲಿ ಗೆದ್ದರೂ ಸೋತರೂ ಮೂರು ಸಿಂಗಲ್ಸ್ ಪಂದ್ಯಗಳು ಖಚಿತ. ಡ್ಯಾನ್ ಇವಾನ್ಸ್ ಎದುರು ಗೆದ್ದರು. ಆಗಿನ್ನೂ 19ರ ಹರೆಯದ ಅಲೆಕ್ಸಾಂಡರ್ ಜ್ವೆರೆವ್ ಎದುರು ಮೂರು ಸೆಟ್‌ಗಳೂ 6–6ರ ಸಮಬಲದ ನಂತರ ಸೆಟ್ ತೀರ್ಮಾನಿಸುವ ಟೈಬ್ರೇಕ್‌ಗೆ ಹೋದವು, ಫೆಡರರ್ ಸೋತರು. ಆಮೇಲೆ ರಿಷರ್ ಗಾಸ್ಕೆ ಎದುರು ಗೆದ್ದರು. ಅದೇ ತಿಂಗಳು ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ 17ನೇ ಶ್ರೇಯಾಂಕದ ಆಟಗಾರರಾಗಿ ಐದು ಸೆಟ್‌ಗಳವರೆಗೆ ಹೋದ ಮೂರು ಪಂದ್ಯಗಳನ್ನು ಗೆದ್ದರು. ಕೊನೆಯದು ರಫೆಲ್ ನಡಾಲ್ ವಿರುದ್ಧದ ಫೈನಲ್, ಐದನೇ ಸೆಟ್‌ನಲ್ಲಿ 1–3ರ ಹಿನ್ನಡೆಯಿಂದ ಸತತ ಐದು ಗೇಮ್ ಗೆದ್ದು. ಎಲ್ಲರೂ ಆ ಐದು ಗೇಮ್‌ಗಳನ್ನು ಕೊಂಡಾಡುತ್ತಾರೆ. ನಾನು ಪರ್ತ್‌ನ ಆ ಮೂರು ಟೈಬ್ರೇಕ್‌ಗಳನ್ನು ಕೊಂಡಾಡುತ್ತೇನೆ. ಆರು ತಿಂಗಳು ಒತ್ತಡವನ್ನೇ ಕಾಣದ ಶರೀರಕ್ಕೆ ಒಂದೇ ಪಂದ್ಯದಲ್ಲಿ ಮೂರು ಬಾರಿ ಟೈಬ್ರೇಕ್‌ನ ಒತ್ತಡ ಸಿಕ್ಕಿತು. ಆ ಪಂದ್ಯದಲ್ಲಿ ಸೋತರೆಂಬುದು ಈ ಲೆಕ್ಕದಲ್ಲಿ ನಷ್ಟವೇ ಅಲ್ಲ.

ಅದೇ ಫೆಡರರ್ 2024ರಲ್ಲಿ ಡಾರ್ಟ್ಮತ್ ಕಾಲೇಜಿನ ಭಾಷಣದಲ್ಲಿ, ತಾವಾಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದರೂ ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ ಎಂದರು. ಅಷ್ಟು ದೊಡ್ಡ ಆಟಗಾರರೇ ಹೆಚ್ಚುಕಡಿಮೆ ಎರಡರಲ್ಲೊಂದು ಪಾಯಿಂಟ್ ಕಳೆದುಕೊಂಡಿದ್ದಾರೆ. ಬಿಡುವಿನಿಂದ ಮರಳಿದ ಹಿರಿಯರು ಮೊದಲ ಗೇಮ್‌ನಲ್ಲಿ ಮೂರು ಚೆಂಡು ಹೊರಗೆ ಹೋದ ಕೂಡಲೇ ‘ನನ್ನ ಕಾಲ ಮುಗಿಯಿತು’ ಎಂದುಕೊಳ್ಳುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಪಾಯಿಂಟ್ ಕಳೆದುಕೊಂಡೂ ಮುಂದಿನದಕ್ಕೆ ನೆಟ್ಟಗೆ ನಿಲ್ಲುವುದು ಪಂದ್ಯದಿಂದ ಮಾತ್ರ ರೂಢಿಯಾಗುತ್ತದೆ.

ಹಿರಿಯರ ಟೆನಿಸ್‌ನ ವ್ಯವಸ್ಥೆಯೂ ಇದಕ್ಕೆ ಅನುಕೂಲವಾಗಿದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಮಾಸ್ಟರ್ಸ್ ಟೂರ್‌ನಲ್ಲಿ 30ರಿಂದ 90ರವರೆಗೆ ಐದೈದು ವರ್ಷಗಳ ವಿಭಾಗಗಳಿವೆ. ಆ ವರ್ಷದೊಳಗೆ ವಯಸ್ಸು ತುಂಬುವುದಿದ್ದರೆ ಜನವರಿಯಿಂದಲೇ ಮೇಲಿನ ವಿಭಾಗದಲ್ಲಿ ಆಡಬಹುದು. 64ನೇ ವಯಸ್ಸಿನಲ್ಲಿ ಕಿರಿಯರ ಓಟಕ್ಕೆ ತತ್ತರಿಸಿದವರು ಮರುವರ್ಷ ತಮ್ಮ ವಿಭಾಗಕ್ಕೇ ಕಿರಿಯರಾಗುತ್ತಾರೆ. ಉಕ್ರೇನಿನ ಲಿಯೊನಿಡ್ ಸ್ಟಾನಿಸ್ಲಾವ್‌ಸ್ಕಿ 97ನೇ ವಯಸ್ಸಿನಲ್ಲಿಯೂ ವಿಶ್ವ ಚಾಂಪಿಯನ್‌ಷಿಪ್ ಆಡಿದ್ದಾರೆ. ಮರಳಿ ಬರಲು ತಡವಾಯಿತು ಎನ್ನುವವರು ಅವರನ್ನು ನೆನೆಯಲಿ.

ಸಮಯ ಮುಗಿಯುತ್ತಿದೆ ಎಂದು ಅಧ್ಯಕ್ಷರು ಸೂಚಿಸುತ್ತಿರುವುದರಿಂದ ಎದುರಾಳಿಗಳ ಆಯ್ಕೆಯ ಬಗ್ಗೆ ಎರಡೇ ಮಾತು. ಬಲಾಢ್ಯರ ಎದುರೇ ಆಡುತ್ತಿದ್ದರೆ ಪಂದ್ಯ ಮುಗಿಸುವುದು ಮರೆತುಹೋಗುತ್ತದೆ. ತಮಗಿಂತ ಕಡಿಮೆಯವರೊಂದಿಗೂ ಅಂಕ ಎಣಿಸಿಯೇ ಆಡಿ, 5–2ರಿಂದ ಸೆಟ್ ಮುಗಿಸಿ. ಮೂರನೇ ಸೆಟ್‌ಗೆ ಬದಲಾಗಿ ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಇರುವ ಟೂರ್ನಿಗಳು ಹೆಚ್ಚಾಗಿರುವುದರಿಂದ ಅದನ್ನೂ ವಾರಕ್ಕೊಮ್ಮೆ ಪಣವಿಟ್ಟಂತೆ ಆಡಿ. ಡಬಲ್ಸ್ ಬಗ್ಗೆ ಹೇಳಬೇಕೆಂದಿದ್ದುದನ್ನು ಪ್ರಶ್ನೋತ್ತರಕ್ಕೆ ಬಿಡುತ್ತೇನೆ. ಗಾಯದಿಂದ ಮರಳಿದವರು ಮೊದಲ ತಿಂಗಳು ಒಂದೇ ದಿನ ಎರಡು ಪಂದ್ಯ ಆಡದಿರಲಿ.

ಸಂಘಟಕರು ಸಭೆಯಲ್ಲಿರುವುದರಿಂದ ಕೊನೆಯದಾಗಿ ಅವರಲ್ಲೊಂದು ಬೇಡಿಕೆ ಇದೆ. 70 ದಾಟಿದವರ ವಿಭಾಗಕ್ಕೆ ನಾಲ್ಕೈದು ಹೆಸರುಗಳಷ್ಟೇ ಬಂದಾಗ ನಾಕೌಟ್ ಡ್ರಾ ಹಾಕಬೇಡಿ. ಎಲ್ಲರೂ ಎಲ್ಲರೊಂದಿಗೆ ಆಡುವ ರೌಂಡ್ ರಾಬಿನ್ ಆಡಿಸಿ, ಪ್ರತಿಯೊಬ್ಬರಿಗೂ ಕನಿಷ್ಠ ಮೂರು ಪಂದ್ಯ ಸಿಗಲಿ. ವಿಭಾಗ ದೊಡ್ಡದಿದ್ದರೆ ಮೊದಲ ಸುತ್ತಿನಲ್ಲಿ ಸೋತವರಿಗೆ ಅವರದೇ ಪ್ರತ್ಯೇಕ ಸ್ಪರ್ಧೆಯಾದ ಕನ್ಸೊಲೇಷನ್ ಡ್ರಾ ಇಡಿ, ಅದನ್ನು ಪ್ರವೇಶಪತ್ರದಲ್ಲಿಯೇ ತಿಳಿಸಿ, ಸೋತವರು ಚೀಲ ಕಟ್ಟಿ ಹೊರಡುವ ಮೊದಲೇ ಮುಂದಿನ ಪಂದ್ಯದ ವೇಳೆಯನ್ನು ಅವರ ಕೈಗಿಡಿ.