ಹತ್ತು ಪುಟಕ್ಕೇ ಕಣ್ಣು ಎಳೆಯುವುದು ಯಾಕೆ?

ನಮಸ್ಕಾರ. ಹೋದ ವಾರ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದ್ದರು. ಬೈಕ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. "ಓದಬೇಕು ಅಂತ ತುಂಬಾ ಆಸೆ ಇದೆ. ಆದರೆ ಪುಸ್ತಕ ಹಿಡಿದರೆ ಹತ್ತು ಪುಟಕ್ಕೇ ಕಣ್ಣು ಎಳೆಯುತ್ತದೆ. ಓದುವ ಗುಣವೇ ನನಗಿಲ್ಲವಾ?" ಈ ಪ್ರಶ್ನೆ ನನ್ನನ್ನು ವಾರವಿಡೀ ಬಿಡಲಿಲ್ಲ.

ಮೊದಲ ವಿಷಯ ಬೇಗ ಹೇಳಿಬಿಡುತ್ತೇನೆ. ಓದುವ ಗುಣ ಅಂತ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಮಾತು ಮಗುವಿಗೆ ಕೇಳಿ ಕೇಳಿಯೇ ಬರುತ್ತದೆ, ಓದು ಹಾಗೆ ಬರುವುದಿಲ್ಲ. ಬರವಣಿಗೆ ಶುರುವಾಗಿ ಸುಮಾರು 5000 ವರ್ಷ ಆಗಿದೆ ಅಷ್ಟೇ. ಅದಕ್ಕೆಂದೇ ನಮ್ಮ ಮಿದುಳಿನಲ್ಲಿ ಮೊದಲಿನಿಂದ ಮೀಸಲಾದ ಜಾಗ ಇಲ್ಲ. ಕಲಿತ ಮೇಲೇ ಅಕ್ಷರಕ್ಕೆ ಅಲ್ಲಿ ಜಾಗ ಆಗುವುದು. ನಿಮಗೂ ಅಷ್ಟೇ, ದೊಡ್ಡ ವಿದ್ವಾಂಸರಿಗೂ ಅಷ್ಟೇ.

ಹಾಗಾದರೆ ನಿದ್ದೆ ಯಾಕೆ ಬರುತ್ತದೆ? ಈಗ ನಿಮಗೆ ಒಂದು ಸಣ್ಣ ಪರೀಕ್ಷೆ.

(ಪರದೆಯ ಮೇಲೆ ಮೂರು ಸಾಲು)
"ಮುಂದೆ ನುಗ್ಗಿ ಬಂದ. ಗೂಗ್ಲಿ ಅಂತ ಗೊತ್ತಾಗಲೇ ಇಲ್ಲ. ಕೀಪರ್ ಬೇಲ್ಸ್ ಹಾರಿಸಿದ."

ಯಾರು ಔಟ್ ಆದರು? ಬ್ಯಾಟ್ಸ್‌ಮನ್. ಹೇಗೆ? ಸ್ಟಂಪ್ಡ್. ಬೌಲರ್ ಯಾರು? ಲೆಗ್ ಸ್ಪಿನ್ನರ್. ಮತ್ತೊಮ್ಮೆ ಓದಿ ನೋಡಿ. ಬ್ಯಾಟ್ಸ್‌ಮನ್ ಅನ್ನುವ ಪದ ಅಲ್ಲಿಲ್ಲ. ಔಟ್ ಅನ್ನುವ ಪದವೂ ಇಲ್ಲ. ಲೆಗ್ ಸ್ಪಿನ್ನರ್ ಅಂತೂ ಇಲ್ಲವೇ ಇಲ್ಲ. ಅಷ್ಟನ್ನೂ ತುಂಬಿಸಿಕೊಂಡವರು ನೀವು! ಕ್ರಿಕೆಟ್ ನೋಡದ ನಮ್ಮ ಅತ್ತೆಗೆ ಇದನ್ನೇ ಓದಲು ಕೊಟ್ಟೆ. ತಡವರಿಸದೆ ಓದಿದರು. ಆಮೇಲೆ, "ಎಲ್ಲಿಗೆ ನುಗ್ಗಿದ? ಯಾಕೆ?" ಅಂತ ಕೇಳಿದರು. ಅವರ ಓದಿನಲ್ಲಿ ಏನೂ ಕೊರತೆ ಇರಲಿಲ್ಲ. ಆಟದ ಪರಿಚಯ ಇರಲಿಲ್ಲ, ಅಷ್ಟೇ. ಪರಿಚಯ ಇಲ್ಲದ ವಿಷಯ ಹಿಡಿದಾಗ ನಮಗೂ ಹೀಗೇ, ಓದಿದ್ದು ತಲೆಗೆ ಹತ್ತದೆ ಕಣ್ಣು ಎಳೆಯುತ್ತದೆ.

1988ರಲ್ಲಿ ಅಮೆರಿಕದ ಸಂಶೋಧಕರಾದ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಇದನ್ನೇ ಬೇಸ್‌ಬಾಲ್ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಏಳನೇ, ಎಂಟನೇ ಕ್ಲಾಸಿನ 64 ಮಕ್ಕಳು. ಕೆಲವರು ಓದಿನಲ್ಲಿ ಮುಂದು, ಕೆಲವರು ಹಿಂದು. ಎರಡೂ ಗುಂಪಿನಲ್ಲಿ ಬೇಸ್‌ಬಾಲ್ ಗೊತ್ತಿದ್ದವರೂ ಇದ್ದರು, ಗೊತ್ತಿಲ್ಲದವರೂ ಇದ್ದರು. ಎಲ್ಲರಿಗೂ ಒಂದೇ ಪಂದ್ಯದ ವರ್ಣನೆ ಕೊಟ್ಟರು. ಓದಿದ ಮೇಲೆ, ಪುಟ್ಟ ಆಟಿಕೆ ಮೈದಾನದ ಮೇಲೆ ಆಟಗಾರರ ಬೊಂಬೆಗಳನ್ನು ನಡೆಸಿ, ಏನಾಯಿತು ಅಂತ ತೋರಿಸಬೇಕಿತ್ತು.

ಯಾರು ಚೆನ್ನಾಗಿ ತೋರಿಸಿದರು ಗೊತ್ತಾ? ಓದಿನಲ್ಲಿ ಹಿಂದಿದ್ದು ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳನ್ನು ಹಿಂದೆ ಹಾಕಿದರು. "ದಡ್ಡ, ಓದಲ್ಲ" ಅಂತ ಎಷ್ಟು ಮಕ್ಕಳಿಗೆ ನಾವು ಹಣೆಪಟ್ಟಿ ಕಟ್ಟಿದ್ದೇವೆ! ಇದನ್ನು ಮೊದಲ ಸಲ ತಿಳಿದಾಗ ನನಗೆ ನಿಜವಾಗಲೂ ಸಂಕಟ ಆಯಿತು.

ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಕಥೆ ಪುಸ್ತಕ ಕೊಟ್ಟರೆ ಮಡಚಿ ಇಟ್ಟುಬಿಡುತ್ತಿದ್ದರು. ಒಂದು ಮಳೆಗಾಲ ಅಡಿಕೆ ಕೊಳೆರೋಗದ ಬಗ್ಗೆ ನಾಲ್ಕು ಪುಟದ ಲೇಖನ ಸಿಕ್ಕಿತು. ಜಗಲಿಯಲ್ಲಿ ಕೂತು ಒಂದೇ ಸಲಕ್ಕೆ ಮುಗಿಸಿದರು. ಮುಗಿಸಿ, "ಸಿಂಪಡಿಸುವ ಮದ್ದಿಗೆ ಮೈಲುತುತ್ತ, ಸುಣ್ಣದ ಅಳತೆ ಸರಿ ಬರೆದಿದ್ದಾನೆ. ಆದರೆ ಮಳೆ ಬಿಡುವು ಕೊಡದಿದ್ದರೆ ಏನು ಮಾಡಬೇಕು ಅಂತ ಹೇಳಿಲ್ಲ" ಅಂದರು. ಬರೆದವನ ಜೊತೆ ವಾದ ಮಾಡುವಷ್ಟು ಗಟ್ಟಿ ಓದು ಅದು. ಅಲ್ಲಿಂದ ಮಣ್ಣಿನ ಬಗ್ಗೆ ಓದಿದರು, ಆಮೇಲೆ ಎರೆಹುಳದ ಬಗ್ಗೆ. ತೋಟದಿಂದ ಶುರುವಾದ ಓದು ತೋಟದ ಬೇಲಿ ದಾಟಿತು.

ಅದಕ್ಕೇ ನನ್ನ ಮಾತು ಇಷ್ಟೇ. "ಎಲ್ಲರೂ ಓದಲೇಬೇಕಾದ ಪುಸ್ತಕ" ಅನ್ನುವ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಕೈಗೆ ಅಭ್ಯಾಸ ಇರುವ ವಿಷಯದಿಂದ ಶುರು ಮಾಡಿ. ಅದೇ ವಿಷಯದ ಮೇಲೆ ಎರಡು ಮೂರು ಪುಸ್ತಕ ಒಂದರ ಹಿಂದೆ ಒಂದು ಓದಿ. ಮೊದಲನೆಯದು ನಿಧಾನ ಸಾಗುತ್ತದೆ. ಮೂರನೆಯದರ ಹೊತ್ತಿಗೆ ಅರ್ಧ ಹೆಸರುಗಳು ಪರಿಚಯದವರ ಹಾಗೆ ಎದುರಾಗುತ್ತವೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ನಮ್ಮ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ. ಎಷ್ಟು ದೊಡ್ಡ ಮನಸ್ಸಿನ ಮಾತು ನೋಡಿ! ನಿಮ್ಮ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಹೋದರೆ ಲೇಖಕರ ಹೆಸರು ಗೊತ್ತಿರಬೇಕು ಅಂತೇನೂ ಇಲ್ಲ. "ದನ ಸಾಕುವುದರ ಬಗ್ಗೆ ಏನಿದೆ? ಬಟ್ಟೆ ಹೊಲಿಯುವುದರ ಬಗ್ಗೆ ಏನಿದೆ?" ಅಂತ ಕೇಳಿ. 30 ಪುಟ ಓದಿದರೂ ಹಿಡಿಸಲಿಲ್ಲವಾ, ವಾಪಸ್ ಕೊಟ್ಟು ಬೇರೆ ತನ್ನಿ. ಮಕ್ಕಳ ವಿಷಯದಲ್ಲೂ ಹೀಗೇ. ಕಬಡ್ಡಿ ಹುಚ್ಚಿನ ಹುಡುಗನಿಗೆ ಕಬಡ್ಡಿ ಬಗ್ಗೆಯೇ ಓದಲು ಕೊಡಿ.

ಈಗ ಪ್ರಶ್ನೆ ಕಳಿಸಿದವರಿಗೆ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೊ ಅನ್ನುವವರು ನಾಲ್ಕು ಸ್ಟ್ರೋಕಿನ ಇಂಜಿನ್ ಓಡಿಸಿ ತೋರಿಸಿದರು. 1885ರಲ್ಲಿ ಅದೇ ದೇಶದ ಇಂಜಿನಿಯರುಗಳಾದ ಡೈಮ್ಲರ್ ಮತ್ತು ಮೇಬ್ಯಾಕ್ ಪೆಟ್ರೋಲಿಯಂ ಇಂಧನದ ಒಂದು ಪುಟ್ಟ ಇಂಜಿನ್ನನ್ನು ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಗೆ ಕೂರಿಸಿದರು. ಆ ಕಥೆ ಹುಡುಕಿ ಓದಿ. ಪಿಸ್ಟನ್ ಮೇಲೆ ಹೋಯಿತು ಅಂತ ಅಲ್ಲಿ ಬರೆದಿದ್ದರೆ, ಅದು ನನಗಿಂತ ನಿಮಗೆ ಚೆನ್ನಾಗಿ ಕಾಣಿಸುತ್ತದೆ. ಎಷ್ಟನೇ ಪುಟಕ್ಕೆ ನಿದ್ದೆ ಬಂತು ಅಂತ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.